ಸೇನೆ ಬಿಟ್ಟುಹೋದ ನೆಲೆಯನ್ನು ಊರಾಗಿಸುವ ಬಗೆ: ಹಂತ ಹಂತವಾಗಿ

‘ಸೇನೆ ಖಾಲಿ ಮಾಡಿ ಹತ್ತು ವರ್ಷವಾಯಿತು. ಸಾವಿರಾರು ಎಕರೆ ಬೇಲಿಯೊಳಗೆ ಸುಮ್ಮನೆ ಬಿದ್ದಿದೆ. ಮನೆ ಕಟ್ಟಿಸಿ, ಅಂಗಡಿ ಹಾಕಿಸಿ, ಶಾಲೆ ತೆರೆಯಲು ಇಷ್ಟು ತಡ ಯಾಕೆ? ಎಲ್ಲಿಂದ ಶುರು ಮಾಡಬೇಕು?’ ಓದುಗರಿಂದ ಮತ್ತೆ ಮತ್ತೆ ಬರುವ ಪ್ರಶ್ನೆ ಇದು. ನಗರ ಯೋಜನೆ ಓದುತ್ತಿರುವವರು ಕೇಳುತ್ತಾರೆ, ಸ್ಥಳೀಯ ಆಡಳಿತದಲ್ಲಿರುವವರು ಕೇಳುತ್ತಾರೆ, ಬೇಲಿಗೆ ಅಂಟಿಕೊಂಡೇ ಮನೆ ಇರುವವರು ಇನ್ನೂ ಖಾರವಾಗಿ ಕೇಳುತ್ತಾರೆ. ಒಬ್ಬೊಬ್ಬರಿಗೆ ಬಿಡಿಬಿಡಿಯಾಗಿ ಉತ್ತರಿಸುವ ಬದಲು ಇಡೀ ದಾರಿಯನ್ನು ಒಂದೇ ಕಡೆ ಬರೆದಿದ್ದೇನೆ.

ಹೊರಡುವ ಮೊದಲು ಒಂದು ಸಂಗತಿ ಮನಸ್ಸಿನಲ್ಲಿ ಗಟ್ಟಿಯಾಗಲಿ. ಸೇನಾ ನೆಲೆಯನ್ನು ಖಾಲಿ ಸೈಟು ಎಂದುಕೊಂಡವರು ಮೊದಲ ಹೆಜ್ಜೆಯಲ್ಲೇ ಎಡವುತ್ತಾರೆ. ಅದು ಆಗಲೇ ಒಂದು ಊರು. ರಸ್ತೆ, ಆಸ್ಪತ್ರೆ, ದೊಡ್ಡ ಅಡುಗೆಮನೆ, ಸಿನಿಮಾ ಮಂದಿರ, ಪೆಟ್ರೋಲ್ ಟ್ಯಾಂಕು, ಕಸದ ಗುಂಡಿ ಎಲ್ಲವೂ ಇದ್ದ ಊರು. ಆದರೆ ಒಬ್ಬನೇ ಯಜಮಾನನ ಊರು. ಒಂದೇ ಗೇಟು, ಒಂದೇ ವಿದ್ಯುತ್ ಮೀಟರು, ಇಡೀ ಜಾಗಕ್ಕೆ ಒಂದೇ ಹಕ್ಕುಪತ್ರ. ಈ ಒಬ್ಬನ ಊರನ್ನು ಸಾವಿರಾರು ಜನರ ಊರಾಗಿ ಬಿಡಿಸುವುದೇ ನಿಮ್ಮ ಮುಂದಿರುವ ಕೆಲಸ. ಕಟ್ಟುವ ಕೆಲಸ ಅದರಲ್ಲಿ ಒಂದು ಪಾಲು ಮಾತ್ರ.

ಹೆಚ್ಚಿನ ಉದಾಹರಣೆಗಳನ್ನು ಅಮೆರಿಕದಿಂದ ತೆಗೆದುಕೊಂಡಿದ್ದೇನೆ. ಅಲ್ಲಿ 1988, 1991, 1993, 1995 ಮತ್ತು 2005ರಲ್ಲಿ ಐದು ಸುತ್ತುಗಳಲ್ಲಿ ನೂರಾರು ನೆಲೆಗಳನ್ನು ಮುಚ್ಚಿದರು. ಹಾಗಾಗಿ ಪ್ರತಿ ಹೆಜ್ಜೆಗೂ ಲಿಖಿತ ನಿಯಮವಿದೆ, ಆದ ತಪ್ಪುಗಳಿಗೂ ದಾಖಲೆಯಿದೆ. ಜರ್ಮನಿ ಮತ್ತು ಫಿಲಿಪ್ಪೀನ್ಸ್‌ನ ಅನುಭವವನ್ನೂ ಅಲ್ಲಲ್ಲಿ ಸೇರಿಸಿದ್ದೇನೆ. ಕಾನೂನಿನ ಹೆಸರುಗಳು ದೇಶದಿಂದ ದೇಶಕ್ಕೆ ಬದಲಾಗುತ್ತವೆ. ಕೆಲಸದ ಅನುಕ್ರಮ ಮಾತ್ರ ಎಲ್ಲ ಕಡೆ ಹೆಚ್ಚುಕಡಿಮೆ ಇದೇ.

ಕೈಯಲ್ಲಿ ಏನಿರಬೇಕು?

ಒಬ್ಬ ಭೂಯೋಜಕ, ಮಣ್ಣು ಮತ್ತು ಅಂತರ್ಜಲ ಬಲ್ಲ ಒಬ್ಬ ಪರಿಸರ ಎಂಜಿನಿಯರ್, ನೀರು, ಚರಂಡಿ, ವಿದ್ಯುತ್ ಬಲ್ಲ ಒಬ್ಬ ಸಿವಿಲ್ ಎಂಜಿನಿಯರ್, ಆಸ್ತಿ ವರ್ಗಾವಣೆಯ ಕಾನೂನು ಅರಿತ ಒಬ್ಬ ವಕೀಲ. ಈ ನಾಲ್ವರು ಮೊದಲ ದಿನದಿಂದಲೇ ಬೇಕು. ವಾಸ್ತುಶಿಲ್ಪಿ ಸ್ವಲ್ಪ ತಡವಾಗಿ ಬಂದರೂ ನಡೆಯುತ್ತದೆ. ಮೊದಲೇ ಬಂದರೆ ಚಂದದ ಚಿತ್ರಗಳು ಹುಟ್ಟುತ್ತವೆ, ಜನರು ಆ ಚಿತ್ರಕ್ಕೆ ಮನಸೋಲುತ್ತಾರೆ, ಆಮೇಲೆ ಚಿತ್ರದಲ್ಲಿ ಆಟದ ಮೈದಾನವಿದ್ದ ಜಾಗದಡಿಯಲ್ಲಿ ಹಳೆಯ ಕಸದ ಗುಂಡಿ ಸಿಗುತ್ತದೆ. ಇವರೆಲ್ಲರ ಜೊತೆಗೆ ಸಮಯವೂ ಬೇಕು. ಐದು ವರ್ಷದಲ್ಲಿ ಮುಗಿಸುತ್ತೇವೆ ಎಂದು ಯಾರಾದರೂ ಮಾತು ಕೊಟ್ಟರೆ ನಂಬಬೇಡಿ. ದೊಡ್ಡ ನೆಲೆಗಳಿಗೆ ಇಪ್ಪತ್ತು, ಮೂವತ್ತು ವರ್ಷ ಹಿಡಿದಿದೆ.

ಹಂತ 1: ಮಾತಾಡಲು ಒಂದೇ ಬಾಯಿ ಇರಲಿ

ನೆಲೆ ಮುಚ್ಚುವ ಘೋಷಣೆ ಬಂದ ಕೂಡಲೇ ಒಂದು ಪುನರಭಿವೃದ್ಧಿ ಪ್ರಾಧಿಕಾರ ರಚಿಸಿ. ಸೇನೆಯ ಜೊತೆ ಮಾತುಕತೆ ನಡೆಸುವ, ಯೋಜನೆ ರೂಪಿಸುವ, ಮುಂದೆ ಜಮೀನನ್ನು ತನ್ನ ಹೆಸರಿಗೆ ಪಡೆಯುವ ಅಧಿಕಾರ ಇರುವ ಸ್ಥಳೀಯ ಸಂಸ್ಥೆ ಅದು. ಅಮೆರಿಕದಲ್ಲಿ ಇಂಥ ಸಂಸ್ಥೆಗೆ ರಕ್ಷಣಾ ಇಲಾಖೆಯ ಮಾನ್ಯತೆ ಬೇಕು. ಮಾನ್ಯತೆ ಸಿಕ್ಕ ಮೇಲೆ ಸೇನೆ ಮಾತಾಡುವುದು ಅದರ ಜೊತೆ ಮಾತ್ರ. ಫಿಲಿಪ್ಪೀನ್ಸ್ ಇದೇ ಕೆಲಸಕ್ಕೆ 1992ರಲ್ಲಿ ಪ್ರತ್ಯೇಕ ಕಾನೂನು ತಂದು ರಾಷ್ಟ್ರಮಟ್ಟದ ನೆಲೆ ಪರಿವರ್ತನಾ ಪ್ರಾಧಿಕಾರವನ್ನೇ ಸ್ಥಾಪಿಸಿತು.

ನೆಲೆಗಳಿಗೆ ಪುರಸಭೆಯ ಗಡಿಯ ಹಂಗಿರುವುದಿಲ್ಲ. ಎರಡು ಮೂರು ಊರುಗಳ ಮೇಲೆ ಹರಡಿಕೊಂಡಿರುತ್ತವೆ. ಡೆನ್ವರ್‌ನ ಲೌರಿ ವಾಯುನೆಲೆ 1994ರಲ್ಲಿ ಮುಚ್ಚಿದಾಗ ಅದರ 1,866 ಎಕರೆ ಡೆನ್ವರ್ ಮತ್ತು ಅರೋರ ಎರಡೂ ನಗರಗಳಲ್ಲಿತ್ತು. ಇಬ್ಬರೂ ಸೇರಿ ಒಂದೇ ಪ್ರಾಧಿಕಾರ ಮಾಡಿಕೊಂಡರು, ಕೆಲಸ ಸಾಗಿತು. ಮ್ಯಾಸಚೂಸೆಟ್ಸ್‌ನ ಫೋರ್ಟ್ ಡೆವೆನ್ಸ್‌ನಲ್ಲಿ ರಾಜ್ಯ ಸರ್ಕಾರ 1993ರಲ್ಲೇ ವಿಶೇಷ ಕಾನೂನು ಮಾಡಿತು. ಹಲವು ಊರುಗಳ ಕಚೇರಿಗಳಿಗೆ ಅಲೆಯುವ ಬದಲು ಒಂದೇ ಆಯೋಗದಲ್ಲಿ 75 ದಿನದೊಳಗೆ ಕಟ್ಟಡದ ಅನುಮತಿ ಇತ್ಯರ್ಥವಾಗುವ ಏರ್ಪಾಡು ಅದು. ಕೈಗಾರಿಕೆಗಳು ಅಲ್ಲಿಗೆ ಬರಲು ಈ 75 ದಿನದ ಭರವಸೆಯೂ ದೊಡ್ಡ ಆಕರ್ಷಣೆಯಾಯಿತು.

ಒಮ್ಮತ ಕೂಡದಿದ್ದರೆ ಏನಾಗುತ್ತದೆ ಎಂಬುದಕ್ಕೆ ಕ್ಯಾಲಿಫೋರ್ನಿಯದ ಎಲ್ ಟೋರೊ ನೋಡಿ. ಅಲ್ಲಿನ ಕೌಂಟಿ, ಅಂದರೆ ಜಿಲ್ಲಾಮಟ್ಟದ ಆಡಳಿತಕ್ಕೆ ವಿಮಾನ ನಿಲ್ದಾಣ ಬೇಕಿತ್ತು. ಸುತ್ತಲಿನ ಊರಿನವರಿಗೆ ವಿಮಾನದ ಸದ್ದು ಬೇಡವಾಗಿತ್ತು. ನೆಲೆ 1999ರಲ್ಲಿ ಮುಚ್ಚಿತು, ಜಗಳ ಮುಗಿದದ್ದು 2002ರ ಮಾರ್ಚ್‌ನಲ್ಲಿ ಮತದಾರರು ವಿಮಾನ ನಿಲ್ದಾಣ ಬೇಡವೆಂದು ತೀರ್ಪು ಕೊಟ್ಟ ಮೇಲೆ. ಅಷ್ಟು ವರ್ಷದ ದುಡಿಮೆ ವಾದದಲ್ಲೇ ಕರಗಿತ್ತು.

ಎಚ್ಚರಿಕೆ: ಪ್ರಾಧಿಕಾರದಲ್ಲಿ ಬೇಲಿ ಪಕ್ಕದ ನಿವಾಸಿಗಳಿಗೂ ನೆಲೆಯಲ್ಲಿ ದುಡಿಯುತ್ತಿದ್ದ ನಾಗರಿಕ ನೌಕರರಿಗೂ ಕುರ್ಚಿ ಕೊಡಿ. ನೆಲೆ ಮುಚ್ಚಿದಾಗ ಮೊದಲು ಕೆಲಸ ಕಳೆದುಕೊಂಡವರು ಅವರೇ.

ಹಂತ 2: ಕಾಗದ ಕೂಡಿಸಿ, ಆಮೇಲೆ ಕಾಲ್ನಡಿಗೆಯಲ್ಲಿ ನೋಡಿ

ಸೇನೆಯ ಕೊನೆಯ ಟ್ರಕ್ಕು ಹೊರಡುವ ಮೊದಲೇ ನಕ್ಷೆಗಳನ್ನು ಕೇಳಿ ಪಡೆಯಿರಿ: ಕಟ್ಟಡಗಳದ್ದು, ಪೈಪುಗಳದ್ದು, ಇಂಧನ ಟ್ಯಾಂಕುಗಳದ್ದು, ಗುಂಡು ಹಾರಿಸುವ ಅಭ್ಯಾಸದ ಮೈದಾನಗಳದ್ದು. ಹತ್ತು ಹತ್ತು ವರ್ಷದ ಅಂತರದ ಹಳೆಯ ವೈಮಾನಿಕ ಛಾಯಾಚಿತ್ರಗಳನ್ನು ಪಕ್ಕಪಕ್ಕ ಇಟ್ಟು ನೋಡಿ. 1950ರ ದಶಕದ ಚಿತ್ರದಲ್ಲಿದ್ದ ಹೊಂಡ 1970ರ ಚಿತ್ರದಲ್ಲಿ ಸಮತಟ್ಟಾಗಿದ್ದರೆ ಆ ಹೊಂಡವನ್ನು ಏನು ಹಾಕಿ ಮುಚ್ಚಿದರು ಎಂದು ಕೇಳಲೇಬೇಕು.

ನಿವೃತ್ತ ನೌಕರರನ್ನು ಹುಡುಕಿ ಮಾತಾಡಿಸಿ. ಪೈಪು ರಿಪೇರಿ ಮಾಡುತ್ತಿದ್ದವರು, ವಿಮಾನದ ಭಾಗಗಳನ್ನು ತೊಳೆಯುತ್ತಿದ್ದವರು, ಅಗ್ನಿಶಾಮಕ ತರಬೇತಿ ಕೊಡುತ್ತಿದ್ದವರು. ‘ತೊಳೆದ ನೀರನ್ನು ಎಲ್ಲಿಗೆ ಚೆಲ್ಲುತ್ತಿದ್ದಿರಿ?’ ಎಂಬ ಒಂದು ಪ್ರಶ್ನೆಗೆ ಸಿಗುವ ಉತ್ತರ ಎಷ್ಟೋ ದುಬಾರಿ ಪರೀಕ್ಷೆಗಳನ್ನು ಉಳಿಸುತ್ತದೆ. ಅವರಿಗೆ ವಯಸ್ಸಾಗುತ್ತಿದೆ, ಈ ಕೆಲಸ ಮುಂದೂಡಬೇಡಿ.

ಆಮೇಲೆ ಒಂದೊಂದೇ ಕಟ್ಟಡದೊಳಗೆ ಹೋಗಿ. ಹಳೆಯ ಬ್ಯಾರಕ್ಕಿನ ಬಾಗಿಲು ತಳ್ಳಿದರೆ ಮೊದಲು ಕಾಣುವುದು ಕಿಟಕಿಯ ಚೌಕಟ್ಟಿನಿಂದ ಎದ್ದ ಬಣ್ಣದ ಹಕ್ಕಳೆ. 1978ಕ್ಕಿಂತ ಹಿಂದಿನದಾದರೆ ಅದರಲ್ಲಿ ಸೀಸ ಇರುವ ಸಾಧ್ಯತೆ ಹೆಚ್ಚು. ಅಮೆರಿಕದಲ್ಲಿ ಮನೆಗಳಿಗೆ ಸೀಸದ ಬಣ್ಣ ನಿಷೇಧವಾದದ್ದು ಆ ವರ್ಷ. ಕಾಲಡಿ ನೋಡಿ: ಒಂಬತ್ತು ಇಂಚು ಚೌಕದ ಟೈಲು, ಮೂಲೆ ಮುರಿದಲ್ಲಿ ಕೆಳಗಿನಿಂದ ಇಣುಕುವ ಕಪ್ಪು ಅಂಟು. ಆ ಅಳತೆಯ ಹಳೆಯ ಟೈಲಿನಲ್ಲಿ, ಅದರಡಿಯ ಅಂಟಿನಲ್ಲಿ ಕಲ್ನಾರು ಇರುವುದು ಸಾಮಾನ್ಯ. ಉಸಿರಿನೊಡನೆ ಒಳಗೆ ಹೋದರೆ ಶ್ವಾಸಕೋಶ ಕೆಡಿಸುವ ನಾರು ಅದು. ಟೈಲನ್ನು ಬೂಟಿನ ತುದಿಯಿಂದ ಕೆದಕಬೇಡಿ, ಒಡೆಯಬೇಡಿ. ಫೋಟೋ ತೆಗೆದು, ಕಟ್ಟಡದ ಸಂಖ್ಯೆ ಬರೆದುಕೊಂಡು, ಮಾದರಿ ತೆಗೆಯುವುದನ್ನು ಪರವಾನಗಿ ಇರುವವರಿಗೆ ಬಿಡಿ. ಇಡೀ ಬ್ಯಾರಕ್ಕನ್ನು ಕೆಡವುವ ಖರ್ಚನ್ನು ಏರಿಸುವುದು ಕಣ್ಣಿಗೆ ಚಿಕ್ಕದಾಗಿ ಕಾಣುವ ಈ ಎರಡು ವಸ್ತುಗಳೇ.

ಹಂತ 3: ನೆಲದಡಿ ಏನಿದೆ?

ಇಡೀ ಕೆಲಸದ ಹೃದಯ ಇದು. ಸೇನಾ ನೆಲೆಯ ಮಣ್ಣಿನಲ್ಲಿ ಸಾಮಾನ್ಯವಾಗಿ ಸಿಗುವ ಅಪಾಯಗಳು ಇವು.

ಸೋರಿದ ಇಂಧನ: ಟ್ಯಾಂಕು, ಪೈಪುಗಳ ಸುತ್ತ ಇದ್ದೇ ಇರುತ್ತದೆ. ಶುದ್ಧೀಕರಣದ ವಿಧಾನ ಚೆನ್ನಾಗಿ ಗೊತ್ತಿರುವುದರಿಂದ ಉಳಿದವುಗಳಿಗಿಂತ ಇದು ಸುಲಭ.

ದ್ರಾವಕಗಳು: ಎಂಜಿನ್ನಿನ ಗ್ರೀಸು ತೆಗೆಯಲು ಬಳಸುತ್ತಿದ್ದ ಟ್ರೈಕ್ಲೋರೋಎಥಿಲೀನ್‌ನಂಥವು. ನೀರಿಗಿಂತ ಭಾರವಾದ್ದರಿಂದ ಅಂತರ್ಜಲದ ತಳಕ್ಕೆ ಇಳಿದು ಕೂರುತ್ತವೆ, ವರ್ಷಗಟ್ಟಲೆ ನಿಧಾನವಾಗಿ ಕರಗುತ್ತಿರುತ್ತವೆ. ಅಲ್ಲಿಂದ ಏಳುವ ಆವಿ ನೆಲಹಾಸಿನ ಬಿರುಕಿನಿಂದ ಮನೆಯೊಳಗೆ ಬರುತ್ತದೆ. ಇದನ್ನು ಆವಿ ನುಸುಳುವಿಕೆ ಎನ್ನುತ್ತಾರೆ. ಆ ನೀರನ್ನು ಕುಡಿಯದಿದ್ದರೂ, ಅದರ ಮೇಲೆ ಮನೆ ಕಟ್ಟಿದವರಿಗೆ ತೊಂದರೆ ತಪ್ಪುವುದಿಲ್ಲ.

ಬೆಂಕಿ ನಂದಿಸುವ ನೊರೆ: ವಿಮಾನ ನೆಲೆಗಳಲ್ಲಿ ದಶಕಗಟ್ಟಲೆ ಬಳಸಿದ ನೊರೆಯಲ್ಲಿ ಪಿಫಾಸ್ ಎಂಬ ರಾಸಾಯನಿಕಗಳಿವೆ. ಪ್ರಕೃತಿಯಲ್ಲಿ ಬಹುತೇಕ ಕೊಳೆಯದೆ, ನೀರಿನೊಡನೆ ದೂರ ದೂರ ಸಾಗುವ ಗುಂಪು ಅದು. ನ್ಯೂಹ್ಯಾಂಪ್‌ಶೈರ್‌ನ ಪೀಸ್ ವಾಯುನೆಲೆ 1991ರಲ್ಲಿ ಮುಚ್ಚಿ, ಕಚೇರಿ, ಕಾರ್ಖಾನೆ, ಶಿಶುವಿಹಾರಗಳಿರುವ ವ್ಯಾಪಾರ ಪ್ರದೇಶವಾಗಿ ಯಶಸ್ವಿಯಾಗಿತ್ತು. 2014ರಲ್ಲಿ ಅಲ್ಲಿನ ಒಂದು ಕುಡಿಯುವ ನೀರಿನ ಬಾವಿಯಲ್ಲಿ ಪಿಫಾಸ್ ಸಿಕ್ಕಿ ಬಾವಿಯನ್ನೇ ಮುಚ್ಚಬೇಕಾಯಿತು. ನೆಲೆ ಮುಚ್ಚಿ ಇಪ್ಪತ್ತಮೂರು ವರ್ಷದ ಮೇಲೆ! ಮಕ್ಕಳಿಗೆ ಇಷ್ಟು ವರ್ಷ ಕುಡಿಸಿದ ನೀರು ಎಂಥದ್ದು ಎಂದು ತಾಯ್ತಂದೆಯರು ಕೇಳಿದ ಪ್ರಶ್ನೆ ನನ್ನನ್ನು ಈಗಲೂ ಕಾಡುತ್ತದೆ. ಮೇನ್ ರಾಜ್ಯದ ಬ್ರನ್ಸ್‌ವಿಕ್ ನೌಕಾ ವಾಯುನೆಲೆ ಮುಚ್ಚಿದ್ದು 2011ರಲ್ಲಿ. 2024ರ ಆಗಸ್ಟ್‌ನಲ್ಲಿ ಅಲ್ಲಿ ವಿಮಾನ ನಿಲ್ಲಿಸುತ್ತಿದ್ದ ಹಳೆಯ ಹ್ಯಾಂಗರ್ ಒಂದರ ಅಗ್ನಿಶಾಮಕ ವ್ಯವಸ್ಥೆ ತಾನಾಗಿ ಚಾಲೂ ಆಗಿ ಸಾವಿರಾರು ಗ್ಯಾಲನ್ ನೊರೆ ಹೊರಚೆಲ್ಲಿತು. ಆದ್ದರಿಂದ ಮಣ್ಣಿನ ಪರೀಕ್ಷೆಯ ಜೊತೆಗೆ, ಹ್ಯಾಂಗರುಗಳ ಟ್ಯಾಂಕಿನಲ್ಲಿ ಹಳೆಯ ನೊರೆ ಇನ್ನೂ ಉಳಿದಿದೆಯೇ ನೋಡಿ. ಇದ್ದರೆ ಮೊದಲ ವರ್ಷವೇ ಹೊರಗೆ ಹಾಕಿಸಿ.

ಸಿಡಿಯದೆ ಉಳಿದ ಮದ್ದುಗುಂಡು: ಕ್ಯಾಲಿಫೋರ್ನಿಯದ ಫೋರ್ಟ್ ಆರ್ಡ್ 1994ರಲ್ಲಿ ಮುಚ್ಚಿತು, ಸುಮಾರು 28,000 ಎಕರೆ. ಮರುವರ್ಷವೇ ಅದರ ಒಂದು ಭಾಗದಲ್ಲಿ ವಿಶ್ವವಿದ್ಯಾಲಯ ಶುರುವಾಯಿತು. ಆದರೆ ಅಭ್ಯಾಸದ ಮೈದಾನಗಳಲ್ಲಿ ಆಳೆತ್ತರದ ಪೊದೆ ಬೆಳೆದಿತ್ತು. ಲೋಹ ಪತ್ತೆ ಮಾಡುವ ಯಂತ್ರ ಹಿಡಿದು ಒಳಗೆ ನಡೆಯಬೇಕಾದರೆ ಮೊದಲು ಪೊದೆ ಹೋಗಬೇಕು. ಕೈಯಿಂದ ಕಡಿಯಲು ಹೋದವನ ಕಾಲಡಿಯಲ್ಲೇ ಗುಂಡಿರಬಹುದು. ಹಾಗಾಗಿ ಗಾಳಿ ನೋಡಿಕೊಂಡು, ಸುತ್ತಲಿನವರಿಗೆ ಹೊಗೆಯ ಮುನ್ಸೂಚನೆ ಕೊಟ್ಟು, ತುಂಡು ತುಂಡಾಗಿ ಪೊದೆ ಸುಟ್ಟು, ಬೂದಿಯ ಮೇಲೆ ಸಾಲು ಹಿಡಿದು ಹುಡುಕಿದರು. ಹೀಗೆ ವರ್ಷ ವರ್ಷ ನಡೆದಿದೆ. ಆ ನೆಲೆಯ ದೊಡ್ಡ ಪಾಲು 2012ರಲ್ಲಿ ರಾಷ್ಟ್ರೀಯ ಸ್ಮಾರಕವಾಗಿ ಘೋಷಣೆಯಾಯಿತು. ಎಲ್ಲ ನೆಲಕ್ಕೂ ಮನೆಯೇ ಉತ್ತರವಾಗಬೇಕಿಲ್ಲ ಎಂಬುದನ್ನು ಫೋರ್ಟ್ ಆರ್ಡ್ ನೋಡಿ ಕಲಿಯಬಹುದು.

ವಿಕಿರಣ: ಎಲ್ಲ ಕಡೆ ಇರುವುದಿಲ್ಲ. ಇದ್ದ ಕಡೆ ಬಲು ಎಚ್ಚರ ಬೇಕು. ಸ್ಯಾನ್‌ಫ್ರಾನ್ಸಿಸ್ಕೊದ ಹಂಟರ್ಸ್ ಪಾಯಿಂಟ್ ಹಡಗುಕಟ್ಟೆಗೆ 1946ರ ಅಣುಪರೀಕ್ಷೆಗಳಲ್ಲಿ ಮಲಿನವಾದ ಹಡಗುಗಳನ್ನು ತಂದು ತೊಳೆದಿದ್ದರು. ದಶಕಗಳ ನಂತರ ಅಲ್ಲಿನ ಮಣ್ಣು ಪರೀಕ್ಷಿಸಲು ಗುತ್ತಿಗೆ ಹಿಡಿದ ಕಂಪನಿಯ ಇಬ್ಬರು ಮೇಲ್ವಿಚಾರಕರು ಮಾದರಿಗಳನ್ನೇ ಅದಲುಬದಲು ಮಾಡಿದ್ದರು. ಕೊಳೆ ಮಣ್ಣಿನ ಬದಲು ಬೇರೆಡೆಯ ಒಳ್ಳೆಯ ಮಣ್ಣು ಕಳಿಸಿದ್ದರು. 2018ರಲ್ಲಿ ಇಬ್ಬರಿಗೂ ಜೈಲಾಯಿತು. ಆದರೆ ಪರೀಕ್ಷೆಯನ್ನು ಹೊಸದಾಗಿ ಮಾಡಬೇಕಾಯಿತು, ಪಕ್ಕದ ಬಡಾವಣೆಯವರ ನಂಬಿಕೆ ಮರಳಿ ಬರಲಿಲ್ಲ. ನೀವು ಗುತ್ತಿಗೆ ಕೊಡುವಾಗ ಮಾದರಿ ತೆಗೆಯುವವರು ಒಬ್ಬರು, ಅದನ್ನು ಮರುಪರಿಶೀಲಿಸುವವರು ಇನ್ನೊಬ್ಬರು ಇರಲಿ, ಇಬ್ಬರಿಗೂ ಸಂಬಳ ಕೊಡುವ ಕೈ ಬೇರೆ ಬೇರೆ ಇರಲಿ. ಇದಕ್ಕೆ ತಗಲುವ ಹೆಚ್ಚಿನ ಖರ್ಚನ್ನು ಯಾರು ಪ್ರಶ್ನಿಸಿದರೂ ಬಿಟ್ಟುಕೊಡಬೇಡಿ.

ಶುದ್ಧೀಕರಣದ ಹೊಣೆ ಯಾರದು? ಅಮೆರಿಕದ 1980ರ ಪರಿಸರ ಕಾನೂನಿನ ಪ್ರಕಾರ ನೆಲ ಕೊಡುವಾಗ ಸರ್ಕಾರ ಕ್ರಯಪತ್ರದಲ್ಲೇ ಎರಡು ಮಾತು ಬರೆದುಕೊಡಬೇಕು: ಮಾಡಬೇಕಾದ ಶುದ್ಧೀಕರಣ ಮಾಡಿದ್ದೇವೆ, ಮುಂದೆ ಸರ್ಕಾರದ ಕಾಲದ ಮಾಲಿನ್ಯ ಇನ್ನೂ ಸಿಕ್ಕಿದರೆ ಬಂದು ತೆಗೆಯುತ್ತೇವೆ. ಅದಕ್ಕೂ ಮೊದಲು ‘ಈ ತುಂಡು ಹಸ್ತಾಂತರಕ್ಕೆ ಯೋಗ್ಯ’ ಎಂಬ ನಿರ್ಣಯಪತ್ರ ಹೊರಡಬೇಕು. ಶುದ್ಧಿ ಮುಗಿಯುವ ಮೊದಲೇ ನೆಲ ಪಡೆಯುವ ದಾರಿಯೂ ಇದೆ. ಅದಕ್ಕೆ ರಾಜ್ಯಪಾಲರ ಒಪ್ಪಿಗೆ ಬೇಕು. ಅಮೆರಿಕದಲ್ಲಿ ರಾಜ್ಯಪಾಲರೆಂದರೆ ಚುನಾಯಿತ ಆಡಳಿತ ಮುಖ್ಯಸ್ಥರು. ನಿಮ್ಮ ದೇಶದ ಕಾನೂನಿನಲ್ಲಿ ಇಂಥ ವಾಕ್ಯ ಇಲ್ಲದಿದ್ದರೆ ಕರಾರಿನಲ್ಲಾದರೂ ಬರೆಸಿಕೊಳ್ಳಿ.

ಇಲ್ಲಿ ಬಹಳ ಜನ ಬೀಳುವ ಗುಂಡಿ ಒಂದಿದೆ. ಶುದ್ಧೀಕರಣದ ಮಟ್ಟ ನಿರ್ಧಾರವಾಗುವುದು ಆ ಜಾಗದ ಮುಂದಿನ ಬಳಕೆಯ ಮೇಲೆ. ಗೋದಾಮಿಗೆ ಸಾಕಾಗುವಷ್ಟು ಶುದ್ಧಿ, ಮಗು ಮಣ್ಣಿನಲ್ಲಿ ಆಡುವ ಅಂಗಳಕ್ಕೆ ಸಾಲದು. ಸೇನೆ ‘ಕೈಗಾರಿಕೆಗೆ’ ಎಂದು ಶುದ್ಧಿ ಮಾಡಿ ಮುಗಿಸಿದ ಮೇಲೆ ನೀವು ‘ಮನೆಗೆ’ ಎಂದು ಯೋಜನೆ ಬದಲಿಸಿದರೆ ವ್ಯತ್ಯಾಸದ ಖರ್ಚು ನಿಮ್ಮ ತಲೆಗೇ ಬರುತ್ತದೆ. ಆದ್ದರಿಂದ ಯಾವ ತುಂಡಿನಲ್ಲಿ ಏನು ಎಂಬ ಕಚ್ಚಾ ಭೂಬಳಕೆ ನಕ್ಷೆ ಶುದ್ಧೀಕರಣ ನಿರ್ಣಯದ ಮೊದಲೇ ಸೇನೆಯ ಮೇಜಿನ ಮೇಲಿರಬೇಕು.

ಹಂತ 4: ಕಾಯುವ ಕಾಲದಲ್ಲಿ ಕಟ್ಟಡ ಸಾಯದಿರಲಿ

ಪರೀಕ್ಷೆ, ಶುದ್ಧಿ, ಹಸ್ತಾಂತರಗಳ ನಡುವೆ ವರ್ಷಗಳೇ ಕಳೆಯುತ್ತವೆ. ಬಳಸದ ಕಟ್ಟಡ ಬಹಳ ಬೇಗ ಕೆಡುತ್ತದೆ. ಒಂದು ಹೆಂಚು ಜಾರಿದರೆ ಎರಡು ಮಳೆಗಾಲದಲ್ಲಿ ತೊಲೆ ಕೊಳೆಯುತ್ತದೆ. ಚಳಿ ಪ್ರದೇಶಗಳಲ್ಲಿ ಬಿಸಿಯ ವ್ಯವಸ್ಥೆ ನಿಲ್ಲಿಸಿದ ಮೊದಲ ಚಳಿಗಾಲದಲ್ಲೇ ನೀರಿನ ಪೈಪು ಹೆಪ್ಪುಗಟ್ಟಿ ಸೀಳುತ್ತದೆ. ಉಳಿಸಬೇಕೆಂದಿರುವ ಕಟ್ಟಡಗಳ ಪಟ್ಟಿ ಚಿಕ್ಕದಾಗಿರಲಿ. ಅವಕ್ಕಾದರೂ ಸೂರು, ಕಾವಲು, ವಿದ್ಯುತ್ ಕೊಡಿ.

ತಾತ್ಕಾಲಿಕ ಬಾಡಿಗೆಗೆ ಕೊಡುವುದು ಒಳ್ಳೆಯ ಉಪಾಯ. ಆದರೆ ಕರಾರಿನ ಅವಧಿ ಚಿಕ್ಕದಿರಲಿ, ರಸ್ತೆ ಹಾಯಬೇಕಾದ ಜಾಗದಲ್ಲಿ ಯಾರಿಗೂ ಉದ್ದನೆಯ ಬಾಡಿಗೆ ಬರೆದುಕೊಡಬೇಡಿ.

ಹಂತ 5: ಒಂದು ಮೀಟರನ್ನು ಸಾವಿರ ಮೀಟರು ಮಾಡುವುದು

ಲೆಕ್ಕಾಚಾರ ತಲೆಕೆಳಗಾಗುವುದು ಹೆಚ್ಚಾಗಿ ಈ ಹಂತದಲ್ಲೇ. ನೆಲೆಗೆ ವಿದ್ಯುತ್ ಒಂದು ಕಡೆ ಬರುತ್ತಿತ್ತು, ಬಿಲ್ಲು ಒಂದೇ. ಒಳಗಿನ ನೂರಾರು ಕಟ್ಟಡಗಳಲ್ಲಿ ಯಾವುದಕ್ಕೂ ಬಿಡಿ ಮೀಟರಿಲ್ಲ. ನೀರಿಗೂ ಹಾಗೆಯೇ. ಚಳಿ ಪ್ರದೇಶಗಳ ಎಷ್ಟೋ ನೆಲೆಗಳಲ್ಲಿ ಒಂದೇ ಉಗಿ ಸ್ಥಾವರದಿಂದ ಎಲ್ಲ ಕಟ್ಟಡಗಳಿಗೂ ಬಿಸಿ ಹೋಗುತ್ತಿತ್ತು. ಅದನ್ನು ಆರಿಸಿದ ದಿನ ಎಲ್ಲವೂ ತಣ್ಣಗಾಗುತ್ತವೆ, ಪ್ರತಿ ಕಟ್ಟಡಕ್ಕೂ ಹೊಸ ವ್ಯವಸ್ಥೆ ಬೇಕು. ಒಳಚರಂಡಿಯ ಪೈಪು ಕಟ್ಟಡದ ಅಡಿಯಲ್ಲೇ ಹಾದಿರುತ್ತದೆ, ಏಕೆಂದರೆ ಆಗ ಮೇಲಿನ ಕಟ್ಟಡವೂ ಕೆಳಗಿನ ಪೈಪೂ ಒಬ್ಬನದೇ ಆಗಿತ್ತು. ಈಗ ಕಟ್ಟಡ ಒಬ್ಬರಿಗೆ, ಪೈಪು ಇನ್ನೊಬ್ಬರಿಗೆ ಹೋದರೆ ರಿಪೇರಿಗೆ ಅಗೆಯುವ ಹಕ್ಕು ಯಾರದು?

ರಸ್ತೆಗಳೂ ಸ್ಥಳೀಯ ಆಡಳಿತದ ಅಳತೆಯವಲ್ಲ. ಕಟ್ಟಡಗಳು ನಗರದ ಕಟ್ಟಡ ನಿಯಮದ ಕೈಕೆಳಗೆ ಕಟ್ಟಿದವಲ್ಲ. ಅಗ್ನಿಸುರಕ್ಷೆ, ಗಾಲಿಕುರ್ಚಿಯ ದಾರಿ, ಭೂಕಂಪ ತಾಳುವ ಶಕ್ತಿ ಎಲ್ಲವನ್ನೂ ಈಗಿನ ನಿಯಮಕ್ಕೆ ತರಬೇಕು. ಪೈಪುಗಳೊಳಗೆ ಕ್ಯಾಮೆರಾ ಇಳಿಸಿ ನೋಡಿ. ನಕ್ಷೆಯನ್ನು ಪೂರ್ತಿ ನಂಬಬೇಡಿ, ತುರ್ತಿನಲ್ಲಿ ಹಾಕಿದ ಪೈಪು ಕಾಗದಕ್ಕೆ ಏರಿರುವುದಿಲ್ಲ.

ಬಿಡಿಸುವ ಕೆಲಸವನ್ನು ಯಾರು ಮಾಡಬೇಕು? ಎರಡು ದಾರಿಗಳಿವೆ. ಒಂದು, ಹತ್ತಿರದ ವಿದ್ಯುತ್ ಮತ್ತು ನೀರಿನ ಸಂಸ್ಥೆಗೆ ಒಪ್ಪಿಸುವುದು. ಅವರು ಹಳೆಯ ಜಾಲವನ್ನು ಇದ್ದ ಹಾಗೆ ಒಪ್ಪಿಕೊಳ್ಳುವುದು ಅಪರೂಪ, ಮೊದಲು ನಮ್ಮ ಗುಣಮಟ್ಟಕ್ಕೆ ತನ್ನಿ ಎನ್ನುತ್ತಾರೆ. ಇನ್ನೊಂದು, ಪ್ರಾಧಿಕಾರವೇ ನಡೆಸುವುದು. ಫಿಲಡೆಲ್ಫಿಯದ ನೇವಿ ಯಾರ್ಡ್‌ನಲ್ಲಿ ಹೀಗೇ ಮಾಡಿದ್ದಾರೆ. ಸುಮಾರು 1,200 ಎಕರೆಯ ಆ ಹಳೆಯ ನೌಕಾಕಟ್ಟೆಯ ವಿದ್ಯುತ್ ವಿತರಣಾ ಜಾಲ ನಗರದ ಅಭಿವೃದ್ಧಿ ಸಂಸ್ಥೆಯ ಕೈಯಲ್ಲೇ ಇದೆ. ಎರಡನೆಯದಕ್ಕೆ ಧೈರ್ಯ, ಪರಿಣತರು ಎರಡೂ ಬೇಕು. ಸಣ್ಣ ಪ್ರಾಧಿಕಾರಗಳಿಗೆ ನಾನು ಮೊದಲನೆಯದನ್ನೇ ಹೇಳುತ್ತೇನೆ.

ಹಂತ 6: ಮಿಶ್ರ ಬಳಕೆಯ ಯೋಜನೆ

ಮಿಶ್ರ ಬಳಕೆ ಎಂದರೆ ಮನೆ, ಕೆಲಸದ ಜಾಗ, ಅಂಗಡಿ, ಶಾಲೆ, ಉದ್ಯಾನ ಎಲ್ಲವೂ ನಡೆದು ತಲುಪುವಷ್ಟು ಹತ್ತಿರ ಇರುವುದು. ಒಂದು ಮೂಲೆಗೆ ಮನೆಗಳ ರಾಶಿ, ಇನ್ನೊಂದು ಮೂಲೆಗೆ ಕಚೇರಿಗಳ ರಾಶಿ ಹಾಕಿ ನಕ್ಷೆಗೆ ನಾಲ್ಕು ಬಣ್ಣ ಬಳಿದರೆ ಅದು ಮಿಶ್ರವಾಗುವುದಿಲ್ಲ.

ಮೊದಲ ಕೆಲಸ ಬೇಲಿ ತೆಗೆಯುವುದು. ಅಕ್ಕಪಕ್ಕದ ಊರಿನ ಎಷ್ಟು ರಸ್ತೆಗಳು ಬೇಲಿಗೆ ಬಂದು ಮುಗಿಯುತ್ತವೆ ಎಣಿಸಿ. ಅಷ್ಟನ್ನೂ ಒಳಗೆ ಮುಂದುವರಿಸಲು ಆಗುತ್ತದೆಯೇ ನೋಡಿ. ಹಳೆಯ ಗೇಟೊಂದನ್ನೇ ದ್ವಾರವಾಗಿ ಉಳಿಸಿಕೊಂಡರೆ ಆ ಜಾಗ ಇನ್ನೂ ಮೂವತ್ತು ವರ್ಷ ‘ನೆಲೆ’ಯಾಗಿಯೇ ಉಳಿಯುತ್ತದೆ.

ಜರ್ಮನಿಯ ಟ್ಯೂಬಿಂಗನ್ ಊರಿನ ದಕ್ಷಿಣಕ್ಕಿದ್ದ ಬ್ಯಾರಕ್ಕುಗಳಿಂದ ಫ್ರೆಂಚ್ ಸೇನೆ 1991ರಲ್ಲಿ ಹೊರಟಿತು. ಊರಿನ ಆಡಳಿತ ಆ ಜಾಗವನ್ನು ಒಬ್ಬ ದೊಡ್ಡ ಬಿಲ್ಡರಿಗೆ ಮಾರಲಿಲ್ಲ. ಚಿಕ್ಕ ಚಿಕ್ಕ ನಿವೇಶನ ಮಾಡಿ, ಕೆಲವು ಕುಟುಂಬಗಳು ಸೇರಿ ತಮ್ಮ ಮನೆಗಳನ್ನು ತಾವೇ ಕಟ್ಟಿಸಿಕೊಳ್ಳುವ ಕಟ್ಟಡ ಗುಂಪುಗಳಿಗೆ ಕೊಟ್ಟಿತು. ಬೆಲೆ ನಿಗದಿ, ಸ್ಪರ್ಧೆ ಬೆಲೆಯ ಮೇಲಲ್ಲ. ಯಾರ ಯೋಚನೆ ಬೀದಿಗೆ ಹೆಚ್ಚು ಒಳ್ಳೆಯದೋ ಅವರಿಗೆ ನಿವೇಶನ. ನೆಲಮಹಡಿಯಲ್ಲಿ ಅಂಗಡಿ, ಕಾರ್ಯಾಗಾರ, ಕಚೇರಿಗಳಿಗೆ ಜಾಗ ಬಿಡಬೇಕೆಂಬ ನಿಯಮವೂ ಇತ್ತು. ಇಂದು ಅಲ್ಲಿ ಹಳೆಯ ಬ್ಯಾರಕ್ಕು, ಹೊಸ ಮನೆ ಒಂದೇ ಬೀದಿಯಲ್ಲಿ ಒತ್ತಿಕೊಂಡು ನಿಂತಿವೆ. ನನಗೆ ತಿಳಿದ ಮಟ್ಟಿಗೆ ಮಿಶ್ರ ಬಳಕೆಯನ್ನು ಇಷ್ಟು ಪ್ರಾಮಾಣಿಕವಾಗಿ ಸಾಧಿಸಿದ ಜಾಗಗಳು ಬಹಳ ಕಡಿಮೆ.

ಫ್ರೈಬುರ್ಗ್‌ನ ವೊಬಾನ್ ಸುಮಾರು 40 ಹೆಕ್ಟೇರಿನ ಇನ್ನೊಂದು ಹಳೆಯ ಫ್ರೆಂಚ್ ಬ್ಯಾರಕ್ಕು ಪ್ರದೇಶ. ಅಲ್ಲಿ ಕಾರು ನಿಲ್ಲಿಸುವ ಕಟ್ಟಡಗಳನ್ನು ಬಡಾವಣೆಯ ಅಂಚಿಗೆ ಹಾಕಿದರು. ಕಾರು ಬೇಕೆನ್ನುವವರು ಅಲ್ಲಿ ಜಾಗ ಕೊಳ್ಳಬೇಕು, ಮನೆ ಮುಂದಿನ ಬೀದಿ ಮಕ್ಕಳ ಆಟಕ್ಕೆ. ಟ್ರಾಮ್ ಬಂದದ್ದು 2006ರಲ್ಲಿ. ಸಾರಿಗೆ ಸಾಧ್ಯವಾದಷ್ಟು ಜನರ ಜೊತೆಗೇ ಬರಲಿ. ತಡವಾದಷ್ಟೂ ಜನರಿಗೆ ಕಾರಿನ ಅಭ್ಯಾಸ ಅಂಟಿಕೊಳ್ಳುತ್ತದೆ.

ಹಳೆಯ ಕಟ್ಟಡಗಳಲ್ಲಿ ಯಾವುದನ್ನು ಉಳಿಸಬೇಕು? ಊರಿನವರು ದೂರದಿಂದ ಗುರುತಿಸುತ್ತಿದ್ದವನ್ನು ಉಳಿಸಿ. ಲೌರಿಯ ಒಂದು ಹ್ಯಾಂಗರ್ ವಿಮಾನ ವಸ್ತುಸಂಗ್ರಹಾಲಯವಾಯಿತು. ಶಿಕಾಗೊ ಬಳಿಯ ಗ್ಲೆನ್‌ವ್ಯೂ ನೌಕಾ ವಾಯುನೆಲೆ 1995ರಲ್ಲಿ ಮುಚ್ಚಿದ ಮೇಲೆ ಅದರ ನಿಯಂತ್ರಣ ಗೋಪುರ ಹೊಸ ಪೇಟೆಯ ನಡುವೆ ಹಾಗೇ ನಿಂತಿದೆ. ಸಾಲು ಸಾಲು ಒಂದೇ ಬಗೆಯ ಮರದ ಬ್ಯಾರಕ್ಕುಗಳನ್ನು ಮಾತ್ರ ಪ್ರೀತಿಗೆ ಬಿದ್ದು ಉಳಿಸಿಕೊಳ್ಳಲು ಹೋಗಬೇಡಿ, ದುರಸ್ತಿಗೆ ಹೊಸದಕ್ಕಿಂತ ಹೆಚ್ಚು ತಗಲುತ್ತದೆ. ರನ್‌ವೇಯ ಕಾಂಕ್ರೀಟನ್ನು ಅಲ್ಲೇ ಪುಡಿ ಮಾಡಿ ಹೊಸ ರಸ್ತೆಗಳ ಅಡಿಪದರಕ್ಕೆ ಬಳಸಿ. ಹೊರಗೆ ಸಾಗಿಸುವ ಲಾರಿ ಬಾಡಿಗೆಯೇ ಉಳಿಯುತ್ತದೆ.

ಮನೆಯಿಲ್ಲದವರನ್ನು ಮರೆಯಬೇಡಿ. ಅಮೆರಿಕದ 1994ರ ಕಾನೂನು, ನೆಲೆಯ ಕಟ್ಟಡ ಮತ್ತು ಜಾಗಕ್ಕೆ ಬೇಡಿಕೆ ಸಲ್ಲಿಸುವ ಅವಕಾಶವನ್ನು ಮನೆಯಿಲ್ಲದವರಿಗೆ ನೆರವಾಗುವ ಸಂಸ್ಥೆಗಳಿಗೆ ಯೋಜನೆಯ ಹಂತದಲ್ಲೇ ಕೊಡಬೇಕೆನ್ನುತ್ತದೆ. ಕಾನೂನಿಲ್ಲದ ಕಡೆಯೂ ಇದನ್ನು ಮಾಡಿ. ಸಾರ್ವಜನಿಕರ ನೆಲದ ಮೇಲೆ ಮೊದಲ ಹಕ್ಕು ತಲೆ ಮೇಲೆ ಸೂರಿಲ್ಲದವರದು ಎಂಬುದು ನನ್ನ ಗಟ್ಟಿ ನಂಬಿಕೆ.

ಹಂತ 7: ನೆಲವನ್ನು ಯಾವ ರೂಪದಲ್ಲಿ ಪಡೆಯಬೇಕು

ಮುಖ್ಯವಾಗಿ ಮೂರು ದಾರಿ. ಶಾಲೆ, ಉದ್ಯಾನ, ಆಸ್ಪತ್ರೆಯಂಥ ಬಳಕೆಗೆ ಉಚಿತವಾಗಿ ಅಥವಾ ಕಡಿಮೆ ಬೆಲೆಗೆ ಸಿಗುವುದು ಸಾರ್ವಜನಿಕ ಹಿತದ ಹಸ್ತಾಂತರ. ಅದೇ ಬಳಕೆಗೆ ಬದ್ಧವಾಗಿರಬೇಕು. ಉದ್ಯೋಗ ಸೃಷ್ಟಿಯ ಕರಾರಿನ ಮೇಲೆ ಪ್ರಾಧಿಕಾರಕ್ಕೆ ಸಿಗುವುದು ಆರ್ಥಿಕ ಅಭಿವೃದ್ಧಿ ಹಸ್ತಾಂತರ. ಮಿಶ್ರ ಬಳಕೆಗೆ ಹೆಚ್ಚಾಗಿ ಇದೇ ಹೊಂದುತ್ತದೆ. ಮೂರನೆಯದು ಹರಾಜು.

ಹರಾಜಿನಲ್ಲಿ ಇಡೀ ನೆಲೆಯನ್ನು ಒಂದೇ ಸಲ ಮಾರುವುದನ್ನು ನಾನು ಒಪ್ಪುವುದಿಲ್ಲ. ಎಲ್ ಟೋರೊ 2005ರಲ್ಲಿ 64.95 ಕೋಟಿ ಡಾಲರಿಗೆ ಮಾರಾಟವಾಯಿತು. ಮನೆಗಳ ಬೆಲೆ ಉತ್ತುಂಗದಲ್ಲಿದ್ದ ಕಾಲ ಅದು. ಬೆನ್ನಿಗೇ ಮಾರುಕಟ್ಟೆ ಕುಸಿದು ಕೆಲಸ ವರ್ಷಗಟ್ಟಲೆ ಕುಂಟಿತು. ಮನಿಲಾದ ಫೋರ್ಟ್ ಬೊನಿಫಾಸಿಯೊ ಕೂಡ 1995ರಲ್ಲಿ ಭಾರೀ ಬೆಲೆಗೆ ಖಾಸಗಿಯವರ ಕೈಸೇರಿತು, 1997ರ ಏಷ್ಯಾದ ಹಣಕಾಸು ಬಿಕ್ಕಟ್ಟು ಅದನ್ನೂ ಹಿಡಿದು ನಿಲ್ಲಿಸಿತು. ಮುಂದೆ ಅದು ದೊಡ್ಡ ವಾಣಿಜ್ಯ ನಗರವಾಗಿ ಬೆಳೆದದ್ದು ನಿಜ. ಆದರೆ ನಡುವಿನ ವರ್ಷಗಳ ಬಡ್ಡಿಯನ್ನು ಯಾರೋ ಕಟ್ಟಲೇಬೇಕು. ತುಂಡು ತುಂಡಾಗಿ, ಹಿಂದಿನದರಲ್ಲಿ ಕೆಲಸ ನಡೆದ ಮೇಲೆ ಮುಂದಿನದು ಎಂಬ ಕರಾರಿನ ಮೇಲೆ ಕೊಡಿ. ಗಡುವು ಮೀರಿದರೆ ನೆಲ ವಾಪಸ್ ಬರುವ ಷರತ್ತು ಇರಲಿ.

ಮಾರದೆ ಇರುವ ದಾರಿಯೂ ಇದೆ. ಸ್ಯಾನ್‌ಫ್ರಾನ್ಸಿಸ್ಕೊದ ಪ್ರೆಸಿಡಿಯೊದಿಂದ ಸೇನೆ 1994ರಲ್ಲಿ ಹೊರಟಿತು. ಆ ಜಾಗ ನೋಡಿಕೊಳ್ಳಲು 1996ರಲ್ಲಿ ಸ್ಥಾಪನೆಯಾದ ಟ್ರಸ್ಟಿಗೆ 2013ರೊಳಗೆ ಸ್ವಂತ ಕಾಲ ಮೇಲೆ ನಿಲ್ಲಬೇಕೆಂಬ ಗಡುವಿತ್ತು. ಹಳೆಯ ಮನೆ, ಕಚೇರಿಗಳನ್ನು ಬಾಡಿಗೆಗೆ ಕೊಟ್ಟು ಅದನ್ನು ಮುಟ್ಟಿದರು, ನೆಲ ಸಾರ್ವಜನಿಕರದಾಗಿಯೇ ಉಳಿಯಿತು. ಒಂದು ಮಾತು: ಅಷ್ಟು ಬಾಡಿಗೆ ಹುಟ್ಟುವ ಜಾಗ ಎಲ್ಲ ಕಡೆ ಇರುವುದಿಲ್ಲ.

ಹಂತ 8: ಕಟ್ಟುವ ಸರದಿ

ಮೊದಲು ಮುಖ್ಯ ರಸ್ತೆ, ನೀರು, ಚರಂಡಿ. ಜೊತೆಗೇ ಒಂದು ಉದ್ಯಾನ ಮತ್ತು ಶಾಲೆ. ಆಮೇಲೆ ಮನೆ ಮತ್ತು ಕೆಲಸದ ಜಾಗ ಒಟ್ಟೊಟ್ಟಿಗೆ. ಬಿಲ್ಡರುಗಳು ಮನೆಗಳನ್ನು ಮೊದಲು ಮಾರಿ ಅಂಗಡಿಗಳನ್ನು ‘ಮುಂದಿನ ಹಂತ’ಕ್ಕೆ ತಳ್ಳುತ್ತಾರೆ, ಆ ಹಂತ ಬರುವುದೇ ಇಲ್ಲ. ಇಂತಿಷ್ಟು ಮನೆಗೆ ಇಂತಿಷ್ಟು ಅಡಿ ಕೆಲಸದ ಜಾಗ ಮುಗಿಯದೆ ಮುಂದಿನ ಅನುಮತಿ ಇಲ್ಲ ಎಂದು ಕರಾರಿನಲ್ಲಿ ಬರೆಯಿರಿ.

ಹಂತ 9: ಜನ ಬಂದ ಮೇಲೆ

ನೆಲದಡಿ ಸ್ವಲ್ಪ ಮಾಲಿನ್ಯ ಉಳಿಸಿ, ಮೇಲೆ ಮಣ್ಣು ಹೊದಿಸಿ, ‘ಇಲ್ಲಿ ಬಾವಿ ತೋಡಬಾರದು, ಇಷ್ಟು ಆಳಕ್ಕಿಂತ ಕೆಳಗೆ ಅಗೆಯಬಾರದು’ ಎಂಬ ನಿರ್ಬಂಧ ಹಾಕುವುದು ಎಲ್ಲ ಕಡೆ ನಡೆಯುತ್ತದೆ. ಅಮೆರಿಕದಲ್ಲಿ ಇಂಥ ಜಾಗಗಳ ಪರಿಸ್ಥಿತಿಯನ್ನು ಐದು ವರ್ಷಕ್ಕೊಮ್ಮೆ ಮರುಪರಿಶೀಲಿಸಬೇಕು. ಆ ವರದಿ ಮನೆ ಮಾಲೀಕರ ಕೈಸೇರುವಂತೆ ಮಾಡಿ.

ನಿರ್ಬಂಧ ಕ್ರಯಪತ್ರದಲ್ಲಿ ಬರೆದಿದ್ದರೆ ಸಾಲದು. ಇಪ್ಪತ್ತು ವರ್ಷದ ಮೇಲೆ ಮೂರನೆಯ ಮಾಲೀಕರು ಹಿತ್ತಲಲ್ಲಿ ಈಜುಕೊಳಕ್ಕೆ ಗುಂಡಿ ತೋಡಿಸುವಾಗ ಯಾರೂ ಕ್ರಯಪತ್ರ ಬಿಚ್ಚಿ ನೋಡುವುದಿಲ್ಲ, ನೆಲ ಅಗೆಯುವ ಅನುಮತಿಗೆ ಅರ್ಜಿ ಮಾತ್ರ ಹಾಕುತ್ತಾರೆ. ಆದ್ದರಿಂದ ನಿರ್ಬಂಧದ ನಕ್ಷೆ ಆ ಅರ್ಜಿ ತೆಗೆದುಕೊಳ್ಳುವ ಕೌಂಟರಿನ ಕಂಪ್ಯೂಟರಿನಲ್ಲಿರಲಿ. ನಿವೇಶನದ ಸಂಖ್ಯೆ ಒತ್ತಿದ ಕೂಡಲೇ ಕೆಂಪು ಗೆರೆ ಕಾಣಲಿ, ಪ್ರತಿ ಸಲ ಸಾಫ್ಟ್‌ವೇರ್ ಬದಲಾದಾಗಲೂ ಆ ನಕ್ಷೆ ಹೊಸದಕ್ಕೆ ಬಂತೇ ಎಂದು ಪರೀಕ್ಷಿಸುವ ಹೊಣೆ ಹುದ್ದೆಯ ಹೆಸರು ಹಿಡಿದು ಒಬ್ಬರಿಗೆ ಬರೆದುಕೊಡಿ.